ಲಾರಿಗೆ ವಿಮೆ ಇದೆ, ಲಾರಿ ಓಡಿಸುವವನಿಗೆ?

ಮಹಾನವಮಿಯ ದಿನ ಹುಬ್ಬಳ್ಳಿಯ ಲಾರಿಗಳಿಗೆ ವಿಶ್ರಾಂತಿ. ಗಬ್ಬೂರು ಬೈಪಾಸಿನ ಅಕ್ಕಪಕ್ಕದಲ್ಲಿ, ಅಮರಗೋಳದ ಎಪಿಎಂಸಿ ಪ್ರಾಂಗಣದ ಸುತ್ತಮುತ್ತ, ತಾರಿಹಾಳ ಕೈಗಾರಿಕಾ ಪ್ರದೇಶದ ರಸ್ತೆಗಳಲ್ಲಿ ಅವು ತೊಳೆದುಕೊಂಡು, ಬಾಳೆಕಂದು ಕಟ್ಟಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ಸಾಲಾಗಿ ನಿಲ್ಲುತ್ತವೆ. ಉತ್ತರ ಕರ್ನಾಟಕದವರು ಖಂಡೇಪೂಜೆ ಎಂದು ಕರೆಯುವ ಆಯುಧಪೂಜೆ ಅದು. ಗಾಜಿನ ಮೇಲೆ ವಿಭೂತಿಯ ಪಟ್ಟೆ, ಬಂಪರಿಗೆ ಕುಂಕುಮ. ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಚಾಲಕ ಗಾಡಿಯನ್ನು ಎರಡು ಮಾರು ಮುಂದಕ್ಕೆ ಓಡಿಸಿದರೆ ಪೂಜೆ ಮುಗಿದಂತೆ. ವರ್ಷವಿಡೀ ಏನೂ ಕೆಡುಕಾಗದಿರಲಿ ಎಂಬ ಬೇಡಿಕೆ ಅದರಲ್ಲಿದೆ.

ಅದೇ ಬೇಡಿಕೆಯ ಇನ್ನೊಂದು ರೂಪ ಕ್ಯಾಬಿನ್ನಿನ ಒಳಗಿರುತ್ತದೆ. ಆರ್‌ಸಿ, ಪರ್ಮಿಟ್, ಎಫ್‌ಸಿಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ವಿಮಾ ಪತ್ರ. ಚೆಕ್‌ಪೋಸ್ಟಿನಲ್ಲಿ ಕೇಳಿದಾಗ ತೋರಿಸುವ ಕಾಗದವೆಂದೇ ಬಹಳ ಮಂದಿ ಅದನ್ನು ತಿಳಿದಿದ್ದಾರೆ. ಆ ಕಾಗದ ಯಾರನ್ನು ಕಾಯುತ್ತದೆ, ಎಷ್ಟರ ಮಟ್ಟಿಗೆ ಕಾಯುತ್ತದೆ ಎಂಬ ಪ್ರಶ್ನೆ ಏಳುವುದು ಅಪಘಾತವಾದ ಮೇಲೆ. ಅಷ್ಟು ಹೊತ್ತಿಗೆ ಉತ್ತರವನ್ನು ಬದಲಿಸಲು ಆಗುವುದಿಲ್ಲ.

ಕುಮಟಾ ದಾರಿ

ಸರಕು ಸಾಗಣೆ ಹುಬ್ಬಳ್ಳಿ–ಧಾರವಾಡಕ್ಕೆ ಹೊಸ ಕಸುಬಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಅರಳೆ ಎತ್ತಿನ ಗಾಡಿಗಳಲ್ಲಿ, ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ಇಂಗ್ಲೆಂಡ್. ಅರಳೆ ಬೆಳೆದ ಊರು ಬೇರೆಯಾದರೂ ಹಡಗು ಹತ್ತಿದ ಊರಿನ ಹೆಸರೇ ಅದಕ್ಕೆ ನಿಂತು, ವಿದೇಶಿ ಮಾರುಕಟ್ಟೆಯಲ್ಲಿ ಅದು ‘ಕುಮಟಾ ಹತ್ತಿ’ ಎನಿಸಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ದಾರಿಯ ಮಹತ್ವ ಇನ್ನಷ್ಟು ಹೆಚ್ಚಿತು. ಗಾಡಿ ಮಗುಚಿದರೆ ನಷ್ಟ ಗಾಡಿಯವನದು, ಎತ್ತು ಸತ್ತರೆ ಅವನ ಹಣೆಬರಹ. ವಿಮೆ ಎಂಬ ಮಾತು ಹಡಗಿಗೂ ಹಡಗಿನ ಸರಕಿಗೂ ಸೇರಿದ್ದು, ಗಾಡಿಯವನಿಗಲ್ಲ.

1880ರ ದಶಕದಲ್ಲಿ ರೈಲು ಬಂತು. ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಲ್ಲಿ ಕಾರ್ಯಾಗಾರ ತೆರೆಯಿತು. ಅರಳೆ ಮಾರ್ಮಗೋವಾದ ಕಡೆಗೆ ಹರಿಯತೊಡಗಿ ಕುಮಟಾ ದಾರಿ ಸೊರಗಿತು. ಸ್ವಾತಂತ್ರ್ಯದ ನಂತರ ರಸ್ತೆಗಳು ಸುಧಾರಿಸಿ ಲಾರಿಗಳ ಕಾಲ ಬಂದಾಗ ಹುಬ್ಬಳ್ಳಿ ಮತ್ತೆ ನಡುಮನೆಯಾಯಿತು. ಬೆಂಗಳೂರು–ಪುಣೆ ಹೆದ್ದಾರಿ, ಸೊಲ್ಲಾಪುರ–ವಿಜಯಪುರದಿಂದ ಬಂದು ಯಲ್ಲಾಪುರದ ಮೂಲಕ ಅಂಕೋಲೆಗೆ ಇಳಿಯುವ ಹೆದ್ದಾರಿ, ಗದಗ–ಹೊಸಪೇಟೆ–ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿ, ಮೂರೂ ಇಲ್ಲಿ ಸಂಧಿಸುತ್ತವೆ. ಬ್ಯಾಡಗಿಯ ಮೆಣಸಿನಕಾಯಿ, ಬಳ್ಳಾರಿ ಸೀಮೆಯ ಅದಿರು ಮತ್ತು ಉಕ್ಕು, ಬೆಳಗಾವಿಯ ಸಕ್ಕರೆ, ಕರಾವಳಿಯ ಮೀನು, ಎಲ್ಲಕ್ಕೂ ಇದು ಹಾಯ್ದುಹೋಗುವ ಊರು.

ಒಂದು ಲಾರಿಯ ಮಾಲೀಕರು

ಈ ಊರಿನ ಸಾರಿಗೆಯ ಕಥೆ ಹೇಳುವಾಗ ಒಂದು ಉದಾಹರಣೆಯನ್ನು ಬಿಡುವಂತಿಲ್ಲ. 1976ರಲ್ಲಿ ವಿಜಯ ಸಂಕೇಶ್ವರ ಅವರು ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಜಯಾನಂದ ರೋಡ್‌ಲೈನ್ಸ್ ಮುಂದೆ ಹುಬ್ಬಳ್ಳಿಗೆ ಬಂದು ಸಾವಿರಾರು ವಾಹನಗಳ ಸಂಸ್ಥೆಯಾಯಿತು. 2015ರಲ್ಲಿ ಅದರ ಷೇರುಗಳು ಪೇಟೆಗೂ ಬಂದವು. ಒಂದು ಲಾರಿ ನೂರಾಗಬಹುದು ಎಂಬ ಆಸೆಯನ್ನು ಈ ಭಾಗದ ಅನೇಕ ಯುವಕರಲ್ಲಿ ಬಿತ್ತಿದ ಕಥೆ ಅದು.

ಆದರೆ ಬಹುಪಾಲು ಲಾರಿಗಳು ಇಂದಿಗೂ ಒಂದರಿಂದ ಐದು ಗಾಡಿ ಇಟ್ಟುಕೊಂಡ ಸಣ್ಣ ಮಾಲೀಕರವು. ಇವರಲ್ಲಿ ಹಲವರು ಮೊದಲು ಕ್ಲೀನರ್ ಆಗಿ, ಆಮೇಲೆ ಚಾಲಕರಾಗಿ, ಕೊನೆಗೆ ಫೈನಾನ್ಸಿನಲ್ಲಿ ಸಾಲ ತೆಗೆದು ಒಂದು ಗಾಡಿ ಕೊಂಡವರು. ಇವರಿಗೆ ಸರಕು ನೇರವಾಗಿ ಸಿಗುವುದು ಅಪರೂಪ. ಟ್ರಾನ್ಸ್‌ಪೋರ್ಟ್ ಕಚೇರಿಯ ಏಜೆಂಟರು ಲೋಡು ಕೊಡಿಸಿ ಕಮಿಷನ್ ಹಿಡಿಯುತ್ತಾರೆ. ಬಾಡಿಗೆಯ ಒಂದು ಭಾಗ ಮುಂಗಡ, ಉಳಿದದ್ದು ಸರಕು ಮುಟ್ಟಿದ ಮೇಲೆ. ಡೀಸೆಲ್, ಟೋಲ್, ಟೈರು, ಸಾಲದ ಕಂತು, ಇವುಗಳನ್ನು ಕಳೆದು ಉಳಿದದ್ದರಲ್ಲಿ ಚಾಲಕನ ಸಂಬಳ ಹುಟ್ಟಬೇಕು. ಹೋಗುವಾಗ ಲೋಡಿದ್ದು ಬರುವಾಗ ಖಾಲಿ ಬಂದರೆ ಲೆಕ್ಕ ತಲೆಕೆಳಗು. ಡೀಸೆಲ್ ದರವನ್ನೂ ಟೋಲನ್ನೂ ಮಾಲೀಕ ಇಳಿಸಲಾರ. ಅವನ ಕೈಯಲ್ಲಿರುವುದು ಎರಡೇ ಖರ್ಚು: ಚಾಲಕನಿಗೆ ಕೊಡುವ ಹಣ ಮತ್ತು ವಿಮೆಯ ಹಣ. ಲಾರಿ ಚಾಲಕನ ಬದುಕನ್ನು ಅರಿಯಲು ಈ ಎರಡನ್ನೂ ಜೊತೆಯಾಗಿಯೇ ನೋಡಬೇಕು.

ವಿಮೆ ಯಾರಿಗಾಗಿ ಹುಟ್ಟಿತು?

ಮೋಟಾರು ವಿಮೆಯನ್ನು ಕಡ್ಡಾಯ ಮಾಡಿದ್ದು ಲಾರಿಯನ್ನು ಉಳಿಸಲಿಕ್ಕಲ್ಲ. ಲಾರಿ ಯಾರಿಗೆ ಬಡಿಯಿತೋ ಅವರ ಕುಟುಂಬಕ್ಕೆ ಪರಿಹಾರ ಸಿಗಲೆಂದು. ಡಿಕ್ರಿಯಾದರೂ ಲಾರಿಯವನ ಬಳಿ ಹಣವಿಲ್ಲದಿದ್ದರೆ ಆ ಡಿಕ್ರಿಯಿಂದ ಉಪಯೋಗವೇನು? ಬ್ರಿಟನ್ನಿನಲ್ಲಿ 1930ರಲ್ಲಿ ಕಡ್ಡಾಯ ವಿಮೆ ಬಂತು. ಭಾರತದ 1939ರ ಮೋಟಾರು ವಾಹನ ಕಾಯ್ದೆಯಲ್ಲೂ ಅಂಥ ಅಧ್ಯಾಯವೊಂದಿತ್ತು, ಆದರೆ ಅದು ಜಾರಿಗೆ ಬಂದದ್ದು 1946ರ ಜುಲೈ 1ರಂದು. ವಿಮೆ ಮಾಡಿಸಿದವನು ಒಬ್ಬ, ವಿಮಾ ಸಂಸ್ಥೆ ಇನ್ನೊಬ್ಬ, ಅಪಘಾತಕ್ಕೆ ಸಿಕ್ಕವನು ಮೂರನೆಯವನು. ಅದಕ್ಕೇ ಇದು ‘ಥರ್ಡ್ ಪಾರ್ಟಿ’ ವಿಮೆ.

ಆರಂಭದಲ್ಲಿ ಈ ರಕ್ಷಣೆಗೆ ಮಿತಿ ಇತ್ತು. ಸರಕು ವಾಹನದ ಅಪಘಾತದಲ್ಲಿ ವಿಮಾ ಸಂಸ್ಥೆ ಕೊಡಬೇಕಾಗಿದ್ದ ಒಟ್ಟು ಮೊತ್ತ 20 ಸಾವಿರ ರೂಪಾಯಿ. ಮುಂದೆ ಅದು 50 ಸಾವಿರ, 1982ರ ತಿದ್ದುಪಡಿಯಲ್ಲಿ ಒಂದೂವರೆ ಲಕ್ಷ ಆಯಿತು. 1989ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯ್ದೆ, ಅಂದರೆ 1988ರ ಕಾಯ್ದೆ, ಸಾವು ಮತ್ತು ಗಾಯದ ಪ್ರಕರಣಗಳಲ್ಲಿ ಈ ಮಿತಿಯನ್ನೇ ತೆಗೆದುಹಾಕಿತು. ನ್ಯಾಯಮಂಡಳಿ ಎಷ್ಟು ಎಂದರೆ ಅಷ್ಟನ್ನು ವಿಮಾ ಸಂಸ್ಥೆ ಕೊಡಬೇಕು.

ಹೊಣೆ ಅಪರಿಮಿತವಾದಾಗ ವಿಮಾ ಸಂಸ್ಥೆಗಳಿಗೆ ಲಾರಿ ಎಂದರೆ ಬೇಡದ ಗಿರಾಕಿಯಾಯಿತು. 1973ರ ರಾಷ್ಟ್ರೀಕರಣದ ನಂತರ ಈ ವ್ಯವಹಾರವೆಲ್ಲ ನಾಲ್ಕು ಸರ್ಕಾರಿ ಕಂಪನಿಗಳ ಕೈಯಲ್ಲಿತ್ತು. 2000ದ ನಂತರ ಖಾಸಗಿಯವರು ಬಂದರು. ಲಾಭವಿಲ್ಲದ ಲಾರಿ ವಿಮೆಯಿಂದ ತಪ್ಪಿಸಿಕೊಳ್ಳುವ ಚಾಳಿಗೆ ಕಡಿವಾಣ ಹಾಕಲು 2007ರಲ್ಲಿ ಎಲ್ಲ ಕಂಪನಿಗಳೂ ನಷ್ಟವನ್ನು ಹಂಚಿಕೊಳ್ಳುವ ಒಂದು ಸಾಮಾನ್ಯ ನಿಧಿಯ ವ್ಯವಸ್ಥೆ ಮಾಡಲಾಯಿತು. 2012ರವರೆಗೆ ಅದು ನಡೆಯಿತು.

ತೂಕಕ್ಕೆ ತಕ್ಕ ಕಂತು

ಥರ್ಡ್ ಪಾರ್ಟಿ ವಿಮೆಯ ಕಂತನ್ನು ಕಂಪನಿಗಳು ತಮಗೆ ತೋಚಿದಂತೆ ನಿಗದಿ ಮಾಡುವಂತಿಲ್ಲ. ಸರ್ಕಾರವೇ ದರ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ, ಬಾಡಿಗೆಗೆ ಓಡುವ ಸರಕು ವಾಹನದ ಒಟ್ಟು ತೂಕ 7,500 ಕಿಲೋ ಮೀರದಿದ್ದರೆ ವರ್ಷಕ್ಕೆ 16,049 ರೂಪಾಯಿ. 12 ಸಾವಿರ ಕಿಲೋವರೆಗೆ 27,186. 20 ಸಾವಿರದವರೆಗೆ 35,313. 40 ಸಾವಿರದವರೆಗೆ 43,950. ಅದಕ್ಕೂ ಮೀರಿದರೆ 44,242. ತೆರಿಗೆ ಬೇರೆ. ಗಾಡಿಗೇ ಆಗುವ ನಷ್ಟಕ್ಕೆ, ಕಳವಿಗೆ, ಬೆಂಕಿಗೆ ಬೇರೆಯೇ ವಿಮೆ ಬೇಕು. ಅದು ಕಾನೂನಿನಲ್ಲಿ ಕಡ್ಡಾಯವಲ್ಲ, ಆದರೆ ಸಾಲ ಕೊಟ್ಟ ಫೈನಾನ್ಸಿನವರು ಕೇಳುತ್ತಾರೆ. ಸಾಲ ತೀರಿದ ಹಳೆಯ ಗಾಡಿಗಳು ಬರೀ ಥರ್ಡ್ ಪಾರ್ಟಿಯ ಮೇಲೆಯೇ ಓಡುವುದುಂಟು. ಲಾರಿಯಲ್ಲಿರುವ ಸರಕಿನ ವಿಮೆ ಮೂರನೆಯದು. ಅದನ್ನು ಸಾಮಾನ್ಯವಾಗಿ ಸರಕಿನ ಧಣಿಯೇ ಮಾಡಿಸುತ್ತಾನೆ.

ಕಂತು ಏರಿದಾಗಲೆಲ್ಲ ಲಾರಿ ಮಾಲೀಕರು ಬೀದಿಗೆ ಇಳಿದಿದ್ದಾರೆ. 2017ರ ಮಾರ್ಚ್ 30ರಿಂದ ದಕ್ಷಿಣದ ರಾಜ್ಯಗಳಲ್ಲಿ ನಡೆದ ಮುಷ್ಕರದ ಮುಖ್ಯ ಕಾರಣವೇ ಥರ್ಡ್ ಪಾರ್ಟಿ ಕಂತಿನ ಏರಿಕೆ. 2018ರ ಜುಲೈನಲ್ಲಿ ಎಂಟು ದಿನ ನಡೆದ ದೇಶವ್ಯಾಪಿ ಮುಷ್ಕರದಲ್ಲೂ ಡೀಸೆಲ್ ಮತ್ತು ಟೋಲಿನ ಜೊತೆಗೆ ವಿಮಾ ಕಂತಿನ ಬೇಡಿಕೆ ಇತ್ತು. ಸಣ್ಣ ಮಾಲೀಕನ ದೃಷ್ಟಿಯಿಂದ ಅದು ನ್ಯಾಯವೇ. ಗಾಡಿ ನಿಂತರೂ ಓಡಿದರೂ ಕಟ್ಟಲೇಬೇಕಾದ ಹಣ ಅದು. ಆದರೆ ಈ ಚರ್ಚೆಯಲ್ಲೆಲ್ಲ ಒಂದು ಪ್ರಶ್ನೆ ಹಿಂದೆ ಉಳಿಯಿತು. ಇಷ್ಟು ಕಂತು ಕಟ್ಟಿದ ಲಾರಿಯ ಸ್ಟಿಯರಿಂಗ್ ಹಿಡಿದವನು ಸತ್ತರೆ ಅವನ ಮನೆಗೆ ಏನು ಬರುತ್ತದೆ?

ಚಾಲಕನ ಹಕ್ಕು

ಹಳೆಯ ಕಾನೂನಿನಲ್ಲಿ ಚಾಲಕ ‘ಮೂರನೇ ವ್ಯಕ್ತಿ’ ಆಗಿರಲಿಲ್ಲ. ಅವನು ಮಾಲೀಕನ ನೌಕರ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪ್ರಕಾರ ಮಾಲೀಕ ಅವನಿಗೆ ಕೊಡಬೇಕಾದ ಹಣದ ಮಟ್ಟಿಗೆ ಮಾತ್ರ ಲಾರಿಯ ವಿಮೆ ಅವನನ್ನು ಕಾಯುತ್ತಿತ್ತು. ಹಿಂಬಾಗಿಲಿನಿಂದ ಬಂದ ರಕ್ಷಣೆ ಎನ್ನಬಹುದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ಅದರ ವಿಮೆಯ ಅಧ್ಯಾಯ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಾರಿಗೆ ವಾಹನದ ಚಾಲಕ ಮತ್ತು ಅವನ ಸಹ ಕೆಲಸಗಾರ ಕೂಡ ‘ಮೂರನೇ ವ್ಯಕ್ತಿ’ಯೇ ಎಂದು ಅದು ಸ್ಪಷ್ಟವಾಗಿ ಹೇಳಿತು. ತಪ್ಪು ಯಾರದೆಂದು ಸಾಧಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೊಡುವ ಏರ್ಪಾಡನ್ನೂ ಮಾಡಿತು.

ಆದರೂ ಚಾಲಕನ ಕುಟುಂಬಕ್ಕೆ ಹಳೆಯ ಕಾರ್ಮಿಕ ಕಾನೂನಿನ ಬೆಲೆ ಕಡಿಮೆಯಾಗಿಲ್ಲ. 2010ರಲ್ಲಿ ‘ನೌಕರರ ಪರಿಹಾರ ಕಾಯ್ದೆ’ ಎಂದು ಹೆಸರು ಬದಲಿಸಿಕೊಂಡ ಅದು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದರ ಮುಖ್ಯ ಗುಣ ಒಂದು. ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋದರೆ ತಪ್ಪು ಯಾರದು ಎಂಬ ಪ್ರಶ್ನೆ ಬರುತ್ತದೆ. ತನ್ನದೇ ತಪ್ಪಿನಿಂದ ಸೇತುವೆಗೆ ಗುದ್ದಿದ ಚಾಲಕನಿಗೆ ಅಲ್ಲಿ ಪೂರ್ಣ ಪರಿಹಾರ ಕೇಳುವ ದಾರಿ ಇಲ್ಲ. ಕಾರ್ಮಿಕ ಕಾನೂನಿನಲ್ಲಿ ಆ ಪ್ರಶ್ನೆ ಅಡ್ಡಿಯಾಗುವುದಿಲ್ಲ. ಕೆಲಸದ ಮೇಲಿದ್ದಾಗ, ಕೆಲಸದ ಕಾರಣದಿಂದ ಸತ್ತನೇ ಎಂಬುದಷ್ಟೇ ಮುಖ್ಯ. ‘ನಿಮ್ಮ ಹುಡುಗನದೇ ತಪ್ಪು, ಏನೂ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಿ ಮನೆಯವರು ಸುಮ್ಮನೆ ಕೂಡಬೇಕಾಗಿಲ್ಲ. ಎರಡು ದಾರಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು, ಎರಡೂ ಕಡೆ ಕೇಳುವಂತಿಲ್ಲ.

ಭತ್ತೆಯ ಗಂಟು

ಕಾರ್ಮಿಕ ಕಾನೂನಿನ ಲೆಕ್ಕ ಸರಳ. ಸಾವಿನ ಪ್ರಕರಣದಲ್ಲಿ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಒಂದು ಅಂಕಿಯಿಂದ ಗುಣಿಸಬೇಕು. 40 ವರ್ಷದವನಿಗೆ ಆ ಅಂಕಿ 184.17. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳುವ ಗರಿಷ್ಠ ಮೊತ್ತವನ್ನು 2020ರ ಜನವರಿಯಲ್ಲಿ 8 ಸಾವಿರದಿಂದ 15 ಸಾವಿರ ರೂಪಾಯಿಗೆ ಏರಿಸಲಾಯಿತು. 40 ವರ್ಷದ ಚಾಲಕನ ಸಂಬಳ 15 ಸಾವಿರ ಎಂದು ಸಾಬೀತಾದರೆ ಈ ಲೆಕ್ಕದಲ್ಲಿ ಕುಟುಂಬಕ್ಕೆ 13,81,275 ರೂಪಾಯಿ. 8 ಸಾವಿರ ಎಂದಷ್ಟೇ ಸಾಬೀತಾದರೆ 7,36,680. ಚಾಲಕನೂ ಅದೇ, ಸಾವೂ ಅದೇ. ಕಾಗದವೊಂದರ ಇರುವಿಕೆ, ಇಲ್ಲದಿರುವಿಕೆಯಿಂದ ಆರು ಲಕ್ಷಕ್ಕೂ ಮೀರಿದ ವ್ಯತ್ಯಾಸ.

ಹುಬ್ಬಳ್ಳಿಯ ಲಾರಿ ಚಾಲಕನ ಬದುಕಿನಲ್ಲಿ ಕಾಗದ ಇಲ್ಲದಿರುವುದೇ ಹೆಚ್ಚು. ಸಣ್ಣ ಮಾಲೀಕರ ಬಳಿ ಸಂಬಳ ಕೈಗೆ ಬರುತ್ತದೆ. ಸಂಬಳಕ್ಕಿಂತ ದೊಡ್ಡದು ಭತ್ತೆ. ಟ್ರಿಪ್ಪಿಗೆ ಇಷ್ಟು, ದಿನಕ್ಕೆ ಇಷ್ಟು ಎಂದು ಅದು ನಿಗದಿ. ಊಟ, ಚಹಾ, ಪಂಕ್ಚರು, ದಾರಿಯ ಖರ್ಚು ಎಲ್ಲ ಕಳೆದು ಉಳಿದದ್ದು ಮನೆಗೆ. ಕೆಲವರಿಗೆ ಬಾಡಿಗೆಯಲ್ಲಿ ಶೇಕಡಾವಾರು ಪಾಲು. ಮನೆ ನಡೆಯುವುದು ಈ ಹಣದಿಂದ. ಆದರೆ ಹಳೆಯ ಕಾಯ್ದೆ ವೇತನ ಎಂದರೇನು ಎಂದು ಹೇಳುವಾಗ ಪ್ರಯಾಣ ಭತ್ಯೆಯನ್ನೂ ಕೆಲಸದ ಸಲುವಾಗಿ ಕೊಟ್ಟ ಖರ್ಚಿನ ಹಣವನ್ನೂ ಹೊರಗಿಟ್ಟಿತ್ತು. ಭತ್ತೆ ಸಂಬಳವೋ ಖರ್ಚೋ ಎಂಬ ವಾದಕ್ಕೆ ದಾರಿಯಾದದ್ದು ಇದು. ಹೊಸ ಸಂಹಿತೆಗಳಲ್ಲಿ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕೆಂಬ ನಿಯಮವಿದೆ. ಅರ್ಧ ಎಷ್ಟು ಎಂದು ಹೇಳಲು ಪೂರ್ತಿ ಎಷ್ಟು ಎಂಬುದು ಎಲ್ಲಾದರೂ ಬರೆದಿರಬೇಕು. ಬರೆಯುವುದು ಮಾಲೀಕನಿಗೆ ಬೇಡ. ಬಹಳ ಚಾಲಕರಿಗೂ ಬೇಡ, ಅವರಿಗೆ ಮುಂಗಡ ಕೊಟ್ಟು ಲೆಕ್ಕ ಕೇಳದ ಧಣಿಯೇ ಒಳ್ಳೆಯವನು. ಇಬ್ಬರಿಗೂ ಅನುಕೂಲವಾದ ಈ ಏರ್ಪಾಡಿನ ಬೆಲೆಯನ್ನು ಕೊನೆಗೆ ತೆರುವವಳು ಅವನ ಹೆಂಡತಿ.

ದೊಡ್ಡ ಸಂಸ್ಥೆಗಳಲ್ಲಿ ವೇತನ ಚೀಟಿ, ಬ್ಯಾಂಕಿನ ಮೂಲಕ ಸಂಬಳ ಇರುವುದರಿಂದ ಈ ತೊಡಕು ಕಡಿಮೆ. ಸಣ್ಣ ಮಾಲೀಕನೂ ಸಂಬಳವನ್ನು, ಸಾಧ್ಯವಾದರೆ ಭತ್ತೆಯನ್ನೂ, ಫೋನಿನಿಂದಲೇ ಬ್ಯಾಂಕಿಗೆ ಹಾಕಬಹುದಾದ ಕಾಲ ಇದು. ಹಾಗೆ ಹಾಕಿದ ಪ್ರತಿಯೊಂದು ಮೊತ್ತವೂ ಮುಂದೊಂದು ದಿನ ಸಾಕ್ಷಿಯಾಗುತ್ತದೆ. ಮಾಲೀಕನಿಗೂ ಇದರಲ್ಲಿ ಹಿತವಿದೆ. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12ರ ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಅರ್ಧದಷ್ಟರವರೆಗೆ ದಂಡ ಎಂದು ಕಾನೂನು ಹೇಳುತ್ತದೆ.

ಕೆಲಸವೋ, ಅಲ್ಲವೋ

‘ಕೆಲಸದ ಮೇಲಿದ್ದಾಗ’ ಎಂಬ ಮಾತು ಕೇಳಲು ಸುಲಭ. ಇಪ್ಪತ್ತನಾಲ್ಕು ಗಂಟೆಯೂ ಗಾಡಿಯಲ್ಲೇ ಇರುವವನಿಗೆ ಕೆಲಸ ಎಲ್ಲಿ ಮುಗಿಯುತ್ತದೆ? ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಈ ಗೆರೆಯ ಎರಡು ಬದಿಗಳನ್ನು ತೋರಿಸುತ್ತವೆ. ಮೊದಲನೆಯದು ಕರ್ನಾಟಕದಿಂದ ಹೋದ ಪ್ರಕರಣ. ವಾಹನ ಓಡಿಸಿಕೊಂಡು ದೇವಸ್ಥಾನಕ್ಕೆ ಹೋಗಿದ್ದ ಚಾಲಕ ಅಲ್ಲಿನ ಹೊಂಡದ ಮೆಟ್ಟಿಲ ಮೇಲೆ ಕುಳಿತಿದ್ದಾಗ ಜಾರಿ ಬಿದ್ದು ಮುಳುಗಿ ಸತ್ತ. ಆ ಸಾವಿಗೂ ಕೆಲಸಕ್ಕೂ ಸಂಬಂಧವಿಲ್ಲವೆಂದು 2009ರಲ್ಲಿ ಕೋರ್ಟ್ ಹೇಳಿತು. ಎರಡನೆಯದು ದೆಹಲಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಲಾರಿ ಓಡಿಸಿದ ಚಾಲಕನದು. ದಾರಿಯಲ್ಲಿ ಮೈಯಲ್ಲಿ ಸರಿಯಿಲ್ಲವೆನಿಸಿ ಅವನು ಗಾಡಿಯನ್ನು ಬದಿಗೆ ನಿಲ್ಲಿಸಿದ. ಅಲ್ಲೇ ಕುಸಿದು ಪ್ರಾಣಬಿಟ್ಟ. ಯಾವ ಡಿಕ್ಕಿಯೂ ಇರಲಿಲ್ಲ. ಅಷ್ಟು ದೂರದ ಓಟದ ಆಯಾಸವೇ ಸಾವಿಗೆ ಕಾರಣವಾಗಿರುವುದು ಸಹಜವೆಂದು ಒಪ್ಪಿ ಪರಿಹಾರ ಕೊಡಿಸಿದ್ದು 2012ರ ತೀರ್ಪು. ಗಾಡಿ ಗುದ್ದದಿದ್ದರೂ ದಣಿವು ಕೊಲ್ಲುತ್ತದೆ ಎಂಬುದನ್ನು ಕಾನೂನು ಒಪ್ಪಿಕೊಂಡ ಗಳಿಗೆ ಅದು.

ಇನ್ನು ಲೈಸೆನ್ಸಿನ ತಕರಾರು. ಚಾಲಕನ ಲೈಸೆನ್ಸ್ ಸರಿಯಿಲ್ಲವೆಂದು ವಿಮಾ ಸಂಸ್ಥೆಗಳು ಹೊಣೆಯಿಂದ ಜಾರಲು ನೋಡುವುದು ಹಳೆಯ ಸಂಗತಿ. ಹಗುರ ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಓಣಿ ಓಣಿಗೆ ಸರಕು ಮುಟ್ಟಿಸುವ ಸಣ್ಣ ಗಾಡಿಗಳ ಚಾಲಕರಿಗೆ, ಅಂಥ ಗಾಡಿಗಳನ್ನು ತಯಾರಿಸುವ ಕಾರ್ಖಾನೆಯೇ ಇರುವ ಧಾರವಾಡದ ಮಟ್ಟಿಗಂತೂ, ಇದು ಸಣ್ಣ ಸಮಾಧಾನವಲ್ಲ. ದೊಡ್ಡ ಲಾರಿಗೆ ಮಾತ್ರ ಭಾರಿ ವಾಹನದ ಲೈಸೆನ್ಸೇ ಬೇಕು.

ಮಾಲೀಕನೇ ಚಾಲಕನಾದರೆ

ಎಲ್ಲಕ್ಕಿಂತ ಇಕ್ಕಟ್ಟಿನ ಸ್ಥಿತಿ ತನ್ನ ಲಾರಿಯನ್ನು ತಾನೇ ಓಡಿಸುವವನದು. ಅವನು ಯಾರ ನೌಕರನೂ ಅಲ್ಲ, ಕಾರ್ಮಿಕ ಕಾನೂನು ಅವನಿಗಿಲ್ಲ. ತನ್ನ ವಿಮೆಗೆ ತಾನೇ ಮೂರನೇ ವ್ಯಕ್ತಿಯಾಗಲಾರ. ಇಳಕಲ್ಲಿನಿಂದ ಗೂಡೂರಿಗೆ ಬೇರೆಯವರ ಮೋಟಾರ್ ಸೈಕಲ್ ತೆಗೆದುಕೊಂಡು ಹೊರಟು ಎತ್ತಿನ ಗಾಡಿಗೆ ಗುದ್ದಿ ಸತ್ತವರೊಬ್ಬರ ಪ್ರಕರಣದಲ್ಲಿ, ಗಾಡಿ ಕಡ ತಂದವನೂ ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಹೀಗಾಗಿ ಸ್ವಂತ ಗಾಡಿಯ ಚಾಲಕನಿಗೆ ಉಳಿಯುವುದು ‘ಮಾಲೀಕ–ಚಾಲಕರ ವೈಯಕ್ತಿಕ ಅಪಘಾತ ವಿಮೆ’. ವಾಣಿಜ್ಯ ವಾಹನಗಳಿಗೆ ಬರೀ 2 ಲಕ್ಷವಿದ್ದ ಈ ಮೊತ್ತವನ್ನು 2018ರಲ್ಲಿ 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಲಾರಿಯ ಕಂತಿನ ಮುಂದೆ ಇದರ ಖರ್ಚು ಅತ್ಯಲ್ಪ. ಆದರೂ ಇದು ಸಿಗುವುದು ಗಾಡಿ ಅವನ ಹೆಸರಿನಲ್ಲೇ ಇದ್ದು, ಸರಿಯಾದ ಲೈಸೆನ್ಸ್ ಇದ್ದರೆ ಮಾತ್ರ. ಅಣ್ಣನ ಹೆಸರಿನ ಗಾಡಿಯನ್ನು ತಮ್ಮ ಓಡಿಸುವುದು, ಮಾರಿದ ಗಾಡಿಯ ಆರ್‌ಸಿ ವರ್ಷಗಟ್ಟಲೆ ಹಳೆಯ ಮಾಲೀಕನ ಹೆಸರಿನಲ್ಲೇ ಉಳಿಯುವುದು ನಮ್ಮಲ್ಲಿ ಸಾಮಾನ್ಯ. ಅಂಥ ಮನೆಗಳಲ್ಲಿ ಈ 15 ಲಕ್ಷ ಕಾಗದದ ಮೇಲೇ ಉಳಿಯುವ ಭಯವಿದೆ.

ಸಂತೆಗೆ ಹೊರಟವರು

2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಅರಬೈಲ್ ಘಟ್ಟದ ಸಮೀಪ ಲಾರಿಯೊಂದು ಉರುಳಿತು. ಹಾವೇರಿ ಜಿಲ್ಲೆಯ ಸವಣೂರಿನಿಂದ ತರಕಾರಿ, ಹಣ್ಣು ಹೇರಿಕೊಂಡು ಕುಮಟಾ ಸಂತೆಗೆ ಹೊರಟಿದ್ದ ವ್ಯಾಪಾರಿಗಳು ಅದರಲ್ಲಿದ್ದರು. ಕನಿಷ್ಠ 10 ಮಂದಿ ಸತ್ತರು. ಒಂದೂವರೆ ಶತಮಾನದ ಹಿಂದೆ ಅರಳೆಯ ಗಾಡಿಗಳು ಇಳಿಯುತ್ತಿದ್ದದ್ದು ಅದೇ ಕುಮಟಾದ ಕಡೆಗೆ.

ಸರಕು ಲಾರಿಯಲ್ಲಿ ಜನ ಕೂರುವುದರ ಬಗ್ಗೆ ಕಾನೂನು ಹಲವು ಬಾರಿ ಹೊರಳಿದೆ. 1994ರ ತಿದ್ದುಪಡಿಯ ನಂತರ ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಹೋಗುತ್ತಿದ್ದರೆ ವಿಮೆ ಅವನಿಗೆ ಅನ್ವಯಿಸುತ್ತದೆ. ಸರಕಿಲ್ಲದೆ ಸುಮ್ಮನೆ ಹತ್ತಿ ಕುಳಿತವರಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಕೊನೆಯಲ್ಲಿ ತೀರ್ಮಾನಿಸಿತು. ಸರಕಿನ ಒಡೆಯ ಕೂಡ ಕ್ಯಾಬಿನ್ನಿನಲ್ಲಿ ಕುಳಿತಿರಬೇಕೇ ಹೊರತು ಮೂಟೆಗಳ ಮೇಲಲ್ಲ ಎಂಬುದು ನಂತರದ ತೀರ್ಪೊಂದರ ಅಭಿಪ್ರಾಯ. ಕ್ಯಾಬಿನ್ನಿನಲ್ಲಿ ಎಷ್ಟು ಮಂದಿಗೆ ಜಾಗವಿದೆ ಎಂಬುದು ಆರ್‌ಸಿಯಲ್ಲಿ ಬರೆದಿರುತ್ತದೆ. ಬುಟ್ಟಿ, ಚೀಲಗಳ ಮೇಲೆ ಮಲಗಿ ಸಂತೆಗೆ ಹೋಗುವ ವ್ಯಾಪಾರಿ ಕಾನೂನಿನ ಕಣ್ಣಿಗೆ ಬೀಳುವುದೇ ಕಷ್ಟ. ಬಸ್ಸಿನಲ್ಲಿ ಮೂವತ್ತು ಬುಟ್ಟಿ ಹೇರಲಾಗದ, ಬೇರೆ ಲಾರಿ ಮಾಡಲು ಹಣವಿಲ್ಲದ ಜನಕ್ಕೆ ಬೇರೆ ದಾರಿ ಏನು ಎಂಬ ಪ್ರಶ್ನೆಗೆ ವಿಮಾ ಪತ್ರದಲ್ಲಿ ಉತ್ತರವಿಲ್ಲ.

ಖಾಲಿಯಾಗುತ್ತಿರುವ ಕ್ಯಾಬಿನ್

ಹಿಂದೆ ಲಾರಿಯಲ್ಲಿ ಮೂವರಿರುತ್ತಿದ್ದರು: ಇಬ್ಬರು ಚಾಲಕರು, ಒಬ್ಬ ಕ್ಲೀನರ್. ಕ್ಲೀನರ್ ಎಂದರೆ ಗಾಜು ಒರೆಸುವವನಷ್ಟೇ ಅಲ್ಲ. ಹಿಂದಕ್ಕೆ ತೆಗೆಯುವಾಗ ದಾರಿ ತೋರಿಸಿ, ಹಗ್ಗ ಬಿಗಿದು, ಟೈರು ಬದಲಿಸಿ, ರಾತ್ರಿ ಚಾಲಕನನ್ನು ಮಾತಿನಿಂದ ಎಚ್ಚರವಾಗಿಟ್ಟು, ನಾಲ್ಕಾರು ವರ್ಷಗಳಲ್ಲಿ ತಾನೇ ಚಾಲಕನಾಗುತ್ತಿದ್ದವನು. ಲಾರಿ ಚಾಲಕರ ಶಾಲೆ ಎಂದರೆ ಆ ಎಡಬದಿಯ ಸೀಟು. ಬಾಡಿಗೆ ಸಾಲದಾದಾಗ ಮಾಲೀಕರು ಮೊದಲು ಕೈಬಿಟ್ಟದ್ದು ಕ್ಲೀನರನನ್ನು. ರಾಷ್ಟ್ರೀಯ ಪರ್ಮಿಟ್ ಲಾರಿಗೆ ಇಬ್ಬರು ಚಾಲಕರಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2018ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಅದೇ ವರ್ಷದ ಜುಲೈನಲ್ಲಿ ಲಾರಿಗಳು ಹೊರಬಹುದಾದ ತೂಕವನ್ನು ಏರಿಸಲಾಗಿತ್ತು. ಮೂರು ಆ್ಯಕ್ಸಲ್ ಲಾರಿಯ ಒಟ್ಟು ತೂಕದ ಮಿತಿ 25 ಟನ್ನಿನಿಂದ ಇಪ್ಪತ್ತೆಂಟೂವರೆ ಟನ್ನಿಗೆ ಹೋಯಿತು. ಒಂದೇ ವರ್ಷದಲ್ಲಿ ಹೊರೆ ಹೆಚ್ಚಿತು, ಹೊರುವವರು ಕಡಿಮೆಯಾದರು.

ಈಗ ಚಾಲಕರು ಸಿಗುತ್ತಿಲ್ಲ ಎಂಬ ದೂರು ಎಲ್ಲ ಕಡೆ. ಗಾಡಿ ಇದೆ, ಲೋಡಿದೆ, ಓಡಿಸುವವನಿಲ್ಲ. ತಿಂಗಳಲ್ಲಿ ಇಪ್ಪತ್ತು ದಿನ ಮನೆಯಿಂದ ದೂರ, ಮಲಗಲು ನೆಟ್ಟಗೆ ಜಾಗವಿಲ್ಲ, ಲಾರಿ ಡ್ರೈವರನಿಗೆ ಹೆಣ್ಣು ಕೊಡಲು ಹಿಂಜರಿಯುವ ಸಮಾಜ. ಅಷ್ಟೇ ಹಣ ಊರಲ್ಲೇ ಆಟೋದಲ್ಲೋ ಸಣ್ಣ ಗಾಡಿಯಲ್ಲೋ ಬಂದರೆ ಯಾರು ಘಟ್ಟ ಹತ್ತುತ್ತಾರೆ? ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಒಂದೆರಡು ಲಾರಿಯ ಮಾಲೀಕನ ಚಾಲಕ ಅದರ ಹೊರಗೇ ಉಳಿದ. ಆ ಕಾಯ್ದೆಯೂ 2025ರ ನವೆಂಬರ್‌ನಲ್ಲಿ ಹೊಸ ಸಂಹಿತೆಯಲ್ಲಿ ವಿಲೀನವಾಗಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿರುವುದು ಒಂದು ಒಳ್ಳೆಯ ಸುದ್ದಿ. ಹಳೆಯ ಗಾಡಿಗಳಿಗೆ ಅದು ಅನ್ವಯಿಸುವುದಿಲ್ಲ.

ಮಾಲೀಕರ ಮುಷ್ಕರಗಳ ವಿಷಯ ಡೀಸೆಲ್, ಟೋಲ್, ವಿಮಾ ಕಂತು. ಚಾಲಕರೇ ಮುಂದಾಗಿ ಗಾಡಿ ನಿಲ್ಲಿಸಿದ್ದು 2024ರ ಜನವರಿ ಮೊದಲ ವಾರದಲ್ಲಿ. ಅಪಘಾತ ಮಾಡಿ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಎಂದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಬರೆದದ್ದರ ವಿರುದ್ಧ. ಜನ ಸೇರಿ ಹೊಡೆಯುತ್ತಾರೆಂಬ ಹೆದರಿಕೆಯಿಂದ ಓಡಿದವನಿಗೂ ಹತ್ತು ವರ್ಷವೇ ಎಂದು ಅವರು ಕೇಳಿದರು. ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಾಗ ಆ ಒಂದು ಉಪಕಲಮನ್ನು ತಡೆಹಿಡಿಯಲಾಯಿತು. ಧಣಿ ಹೆದರುವುದು ಖರ್ಚಿಗೆ, ಚಾಲಕ ಹೆದರುವುದು ಜೈಲಿಗೆ ಮತ್ತು ಜನರಿಗೆ. ಒಂದೇ ಲಾರಿಯಿಂದ ಬದುಕುವ ಇಬ್ಬರ ಭಯಗಳು ಇಷ್ಟು ಬೇರೆ.

ಕರ್ನಾಟಕ ಸರ್ಕಾರ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆಂದೇ ಪ್ರತ್ಯೇಕ ಕಾನೂನು ಮಾಡಿ ಮಂಡಳಿ ರಚಿಸಿದೆ. ನೋಂದಾಯಿತ ಚಾಲಕ ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ನೆರವು ಸಿಗುವ ಯೋಜನೆ ಇದೆ. ನೋಂದಾಯಿತ ಎಂಬ ಮಾತನ್ನು ಗಮನಿಸಬೇಕು. ಇಲ್ಲಿಯೂ ಮೊದಲು ಬೇಕಾದದ್ದು ಒಂದು ಕಾಗದ.

ಕಾನೂನು ಚಾಲಕನನ್ನು ಮರೆತಿದೆ ಎನ್ನುವಂತಿಲ್ಲ. ನಿಧಾನವಾಗಿಯಾದರೂ, ಹಿಂಬಾಗಿಲಿನಿಂದ ಶುರುಮಾಡಿ, ಅದು ಅವನನ್ನು ಮುಂಬಾಗಿಲಿಗೆ ತಂದು ನಿಲ್ಲಿಸಿದೆ. ಒಳಗೆ ಬರಲು ಅವನ ಕೈಯಲ್ಲಿ ಸಂಬಳದ ದಾಖಲೆ, ಸರಿಯಾದ ಲೈಸೆನ್ಸ್, ಸರಿಯಾದ ಹೆಸರಿನ ಆರ್‌ಸಿ, ಮಂಡಳಿಯ ನೋಂದಣಿ ಇರಬೇಕು. ಲಾರಿಯ ಬಗ್ಗೆ ಎಲ್ಲವೂ ಬರೆದಿದೆ: ತೂಕ, ತಯಾರಾದ ವರ್ಷ, ಎಂಜಿನ್ನಿನ ನಂಬರು. ಓಡಿಸುವವನ ಬಗ್ಗೆ ಬರೆದದ್ದು ಬಹಳ ಕಡಿಮೆ.

ಮುಂದಿನ ಮಹಾನವಮಿಗೆ ಮತ್ತೆ ಗಬ್ಬೂರಿನಲ್ಲಿ ಲಾರಿಗಳು ಸಾಲುಗಟ್ಟುತ್ತವೆ. ಬಾಳೆಕಂದು ಕಟ್ಟುವ ಮುಂಚೆ ಆ ಪ್ಲಾಸ್ಟಿಕ್ ಚೀಲವನ್ನೊಮ್ಮೆ ಬಿಚ್ಚಿ, ಧಣಿಯೂ ಚಾಲಕನೂ ಕೂತು ಅದರಲ್ಲಿರುವ ಕಾಗದಗಳನ್ನು ಓದಿಕೊಂಡರೆ ಅದೂ ಒಂದು ಖಂಡೇಪೂಜೆಯೇ.